ಹಿಂಬದಿಯೂ ಮುಂಬದಿಯೇ

ಸೂಜಿಯಿಲ್ಲದ ಸಂಸಾರವುಂಟೇ? ಅಡಿಗೆಮನೆಯಲ್ಲಿ ಸಾಸಿವೆಯ ಡಬ್ಬಿ ಹೇಗೋ ಹಾಗೆ, ಗೋಡೆಯ ಗೂಡಿನಲ್ಲಿ ದಾರ ಸುತ್ತಿದ ಒಂದು ಸೂಜಿ ಪ್ರತಿ ಮನೆಯಲ್ಲಿಯೂ ಇದ್ದೇ ಇರುತ್ತದೆ. ಮಗನ ಅಂಗಿಯ ಗುಂಡಿ ಕಿತ್ತುಬಂದರೆ, ಯಜಮಾನರ ಪಂಚೆಯ ಅಂಚು ಬಿಚ್ಚಿಕೊಂಡರೆ, ದಿಂಬಿನ ಚೀಲದ ಮೂಲೆ ಹರಿದರೆ ಆ ಸೂಜಿಗೆ ಕರೆ ಬರುತ್ತದೆ. ಕೆಲಸ ಮುಗಿದೊಡನೆ ಅದು ಮತ್ತೆ ಗೂಡು ಸೇರುತ್ತದೆ. ಹರಿದುದನ್ನು ಕೂಡಿಸುವುದಷ್ಟೇ ಅದರ ಧರ್ಮವೆಂದು ಬಹುಪಾಲು ಮನೆಗಳು ತಿಳಿದಿವೆ. ಕೂಡಿಸಬೇಕಾದುದೇನೂ ಇಲ್ಲದಾಗಲೂ, ಬರಿಯ ಅಂದಕ್ಕಾಗಿ ಸೂಜಿ ಹಿಡಿಯುವುದೆಂದರೆ, ಬಿಡುವಿದ್ದವರ ಹವ್ಯಾಸವೆಂಬ ಭಾವನೆ ನಮ್ಮಲ್ಲಿ ಇನ್ನೂ ಹೋಗಿಲ್ಲ.

ಮೈಸೂರು ಜಿಲ್ಲೆಯ ಪಡುವಣ ತಾಲ್ಲೂಕುಗಳಲ್ಲಂತೂ ಬಿಡುವು ಎಂಬುದು ದುಬಾರಿ ವಸ್ತು. ಹುಣಸೂರು, ಪಿರಿಯಾಪಟ್ಟಣಗಳಲ್ಲಿ ಹೊಗೆಸೊಪ್ಪಿನ ಕೆಲಸ. ಕೃಷ್ಣರಾಜನಗರದ ಕಡೆ ಭತ್ತದ ನಾಟಿ, ಕೊಯ್ಲು. ಹೆಗ್ಗಡದೇವನಕೋಟೆಯಲ್ಲಿ ಹತ್ತಿ ಬಿಡಿಸುವ ಕಾಲ. ಪೇಟೆಯ ಮನೆಗಳಲ್ಲಿ ಹೊಲದ ಕೆಲಸವಿಲ್ಲದಿದ್ದರೂ ಒಲೆಯ ಕೆಲಸಕ್ಕೆ ಕೊನೆಯಿಲ್ಲ. ಈ ಕಡೆಯ ಹೆಂಗಸರ ಕೈಯ ಕಲೆಯೆಲ್ಲ ಬಾಗಿಲ ಮುಂದಿನ ರಂಗೋಲಿಯಲ್ಲಿ ಮುಗಿದುಹೋಗುತ್ತದೆ. ಅದೂ ಮಧ್ಯಾಹ್ನದ ಹೊತ್ತಿಗೆ ಬೈಸಿಕಲ್ಲು, ಬೈಕುಗಳ ಚಕ್ರದಡಿಯಲ್ಲಿ ಅಳಿಸಿಹೋಗುತ್ತದೆ.

ಉತ್ತರ ಕರ್ನಾಟಕದ ಸಂಗತಿ ಬೇರೆ. ಧಾರವಾಡದ ಸುತ್ತಿನಲ್ಲಿ ಕಸೂತಿಯೆಂಬುದು ತಾಯಿಯಿಂದ ಮಗಳಿಗೆ ಇಳಿದು ಬಂದ ವಿದ್ಯೆ. ಮದುವಣಗಿತ್ತಿಗೆ ಕೊಡುವ ಸೀರೆಗಳಲ್ಲಿ ಕಪ್ಪು ಬಣ್ಣದ ಚಂದ್ರಕಾಳಿ ಸೀರೆಯೊಂದು ಇರಬೇಕು, ಅದರ ಮೇಲೆ ಕಸೂತಿ ಇರಬೇಕು ಎಂಬುದು ಅಲ್ಲಿಯ ಹಳೆಯ ರೂಢಿ. ಇಳಕಲ್ಲಿನ ಸೀರೆಯ ಮೇಲೆ ತೇರು, ಗೋಪುರ, ಆನೆಯಂಬಾರಿ, ತುಳಸಿಕಟ್ಟೆ, ತೊಟ್ಟಿಲು, ಗಿಳಿ, ನವಿಲುಗಳು ಸೂಜಿಯ ಮೊನೆಯಿಂದ ಮೂಡಿ ನಿಲ್ಲುತ್ತವೆ. ಇವಕ್ಕೆಲ್ಲ ಬೇಕಾದ ಹೊಲಿಗೆಗಳು ನಾಲ್ಕೇ ನಾಲ್ಕು: ಗವಂತಿ, ಮುರ್ಗಿ, ನೇಗಿ, ಮೆಂತೆ. ನೇಗಿಯು ನೇಯ್ಗೆಯನ್ನು ಹೋಲುತ್ತದೆ. ಮೆಂತೆಯು ಗುಣಿಸುವ ಚಿಹ್ನೆಯಂತೆ ಅಡ್ಡಡ್ಡ ಹಾಯುವ ಹೊಲಿಗೆ. ಮುರ್ಗಿಯು ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. ನಾಲ್ಕರಲ್ಲಿ ಕಲಿಯಲು ಅತ್ಯಂತ ಸುಲಭವೂ, ಸರಿಯಾಗಿ ಮಾಡಲು ಅತ್ಯಂತ ಕಟ್ಟುನಿಟ್ಟೂ ಆದುದು ಗವಂತಿ. ಗಂಟು ಎಂಬ ಮಾತಿನಿಂದ ಈ ಹೆಸರು ಬಂದಿತೆಂದು ಹೇಳುವರು. ತಮಾಷೆಯೆಂದರೆ ಗವಂತಿಯಲ್ಲಿ ಒಂದು ಗಂಟನ್ನೂ ಹಾಕುವಂತಿಲ್ಲ!

ಈ ಹೊಲಿಗೆ ಹುಣಸೂರಿನ ಒಂದು ಮನೆಗೆ ಬಂದ ಬಗೆಯನ್ನು ಹೇಳಬೇಕು. ಮನೆಯೊಡೆಯರು ಹೈಸ್ಕೂಲಿನ ಉಪಾಧ್ಯಾಯರು. ಮಗಳು ಮೈಸೂರಿನ ವಿದ್ಯಾರ್ಥಿನಿಲಯದಲ್ಲಿದ್ದು ಓದುತ್ತಿದ್ದಳು. ಮನೆಯಲ್ಲಿ ಉಳಿದವರು ಗೃಹಿಣಿ ಮತ್ತು ಎಂಬತ್ತು ದಾಟಿದ ಅತ್ತೆ. ಅತ್ತೆಗೆ ದೃಷ್ಟಿ ಮಂದವಾಗಿತ್ತು. ಬೆಳಕು ನೆರಳುಗಳಷ್ಟೇ ತಿಳಿಯುತ್ತಿದ್ದವು. ಗೃಹಿಣಿಗೆ ನಲವತ್ತೈದರ ಆಸುಪಾಸು. ಮದುವೆಯಾಗಿ ಬಂದಂದಿನಿಂದ ಆಕೆ ಮಾಡಿದ ಕೆಲಸವನ್ನೆಲ್ಲ ಯಾರಾದರೂ ಬರೆದಿಟ್ಟಿದ್ದರೆ ಒಂದು ಮಹಾಭಾರತವಾಗುತ್ತಿತ್ತು. ಆದರೆ ತೋರಿಸಿರೆಂದರೆ ತೋರಿಸಲು ಏನೂ ಇರಲಿಲ್ಲ. ಬೇಯಿಸಿದುದು ಉಂಡು ಮುಗಿಯಿತು, ಒಗೆದುದು ಮತ್ತೆ ಕೊಳೆಯಾಯಿತು, ಗುಡಿಸಿದ ನೆಲದ ಮೇಲೆ ಮತ್ತೆ ಧೂಳು ಬಂತು. ಮಗಳ ವಿದ್ಯಾರ್ಥಿನಿಲಯದ ಖರ್ಚಿಗೆ ತನ್ನ ಕೈಯಿಂದ ಒಂದಿಷ್ಟಾದರೂ ಸೇರಲಿ ಎಂಬ ಆಸೆ ಆಕೆಯ ಮನಸ್ಸಿನಲ್ಲಿ ಬಹು ದಿನಗಳಿಂದ ಇತ್ತು. ಊರಿನಲ್ಲಿ ಸೀರೆಗೆ ಕುಚ್ಚು ಹಾಕುವವರು, ಫಾಲ್ಸ್ ಹೊಲಿಯುವವರು ಆಗಲೇ ಸಾಕಷ್ಟು ಮಂದಿಯಿದ್ದರು.

ಎದುರು ಮನೆಗೆ ಬ್ಯಾಂಕಿನ ಅಧಿಕಾರಿಯೊಬ್ಬರು ಧಾರವಾಡದಿಂದ ವರ್ಗವಾಗಿ ಬಂದರು. ಅವರ ತಾಯಿ ಮಧ್ಯಾಹ್ನದ ಹೊತ್ತು ಜಗಲಿಯಲ್ಲಿ ಕುಳಿತು, ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡು ಹೊಲಿಯುತ್ತಿದ್ದರು. ಮೊದಲು ನೋಟ, ಆಮೇಲೆ ನಗೆ, ಆಮೇಲೆ ಕಾಫಿ, ಕೊನೆಗೆ ಪಾಠ. ಹೀಗೆ ನೆರೆಹೊರೆಯ ಸ್ನೇಹ ಬೆಳೆಯಿತು.

ಮೊದಲ ಪಾಠದಲ್ಲಿಯೇ ಭಾಷೆಯ ತೊಡಕು ಬಂತು. "ಹೋದ ದಾರೀಲೆ ಹೊಳ್ಳಿ ಬರಬೇಕವಾ, ಇಷ್ಟ ನೋಡು ಗವಂತಿ" ಎಂದರು ಧಾರವಾಡದ ತಾಯಿ. ಹಳೆಯ ಮೈಸೂರಿನವರಿಗೆ ಹೊಳ್ಳೆಯೆಂದರೆ ಮೂಗಿನ ಹೊಳ್ಳೆಯೊಂದೇ ಗೊತ್ತು. ಗೃಹಿಣಿ ಪಿಳಿಪಿಳಿ ನೋಡಿದಳು. ಹೊಳ್ಳಿ ಬರುವುದೆಂದರೆ ಹಿಂತಿರುಗಿ ಬರುವುದು ಎಂದು ತಿಳಿದಾಗ ಇಬ್ಬರೂ ಕಣ್ಣೀರು ಬರುವಷ್ಟು ನಕ್ಕರು. ಆ ನಗೆಯಲ್ಲಿ ಆ ಮಾತು ಮನಸ್ಸಿನಲ್ಲಿ ನಿಂತುಬಿಟ್ಟಿತು. ಗವಂತಿಯ ಗುಟ್ಟೆಲ್ಲ ಇರುವುದು ಆ ಒಂದು ಮಾತಿನಲ್ಲಿಯೇ.

ಕಲಿಯಬೇಕೆನ್ನುವವರು ಎಳೆ ಎಣಿಸಲು ಬರುವ ಬಟ್ಟೆಯನ್ನು ಆರಿಸಿಕೊಳ್ಳಬೇಕು. ಮ್ಯಾಟಿ ಬಟ್ಟೆ ಒಳ್ಳೆಯದು. ಅದರ ಹಾಸುಹೊಕ್ಕು ಕಣ್ಣಿಗೆ ಸ್ಪಷ್ಟವಾಗಿ ಕಾಣುತ್ತದೆ. ನುಣುಪಾದ ಮೈಸೂರು ರೇಷ್ಮೆಯ ಮೇಲೆ ಮೊದಲ ಪಾಠ ಬೇಡ. ಮೊನೆ ತೀರ ಚೂಪಾಗಿಲ್ಲದ ಸೂಜಿ ಇರಲಿ; ಅದು ಎಳೆಯನ್ನು ಸೀಳದೆ ಎಳೆಗಳ ನಡುವೆ ತೂರುತ್ತದೆ. ಕಸೂತಿ ದಾರದ ಲಡಿಯಲ್ಲಿ ಆರು ಎಳೆಗಳಿರುತ್ತವೆ. ಎರಡನ್ನು ಬಿಡಿಸಿ ಪೋಣಿಸಿದರೆ ಸಾಕು. ಬಟ್ಟೆಯ ಮೇಲೆ ಪೆನ್ಸಿಲಿನಿಂದ ಚಿತ್ರ ಬರೆದುಕೊಳ್ಳುವ ಪದ್ಧತಿ ಕಸೂತಿಯಲ್ಲಿಲ್ಲ. ಲೆಕ್ಕವೇ ಚಿತ್ರ.

ಈಗ ಹೊಲಿಗೆ. ನಾಲ್ಕು ಎಳೆ ಎಣಿಸಿ ಮೇಲೊಂದು ಹೊಲಿಗೆ. ಮತ್ತೆ ನಾಲ್ಕು ಎಳೆ ಎಣಿಸಿ ಕೆಳಗೊಂದು ಹೊಲಿಗೆ. ಹೀಗೆ ಗೆರೆಯ ಕೊನೆಯವರೆಗೂ ಹೋದರೆ ಮೇಲ್ಮೈಯಲ್ಲಿ ಒಂದು ಬಿಟ್ಟು ಒಂದು ಹೊಲಿಗೆ ಕಾಣುತ್ತದೆ. ಹಲ್ಲು ಬಿದ್ದ ಬಾಯಿಯಂತೆ ನಡುನಡುವೆ ಸಂದು. ಕೊನೆಯಲ್ಲಿ ಸೂಜಿಯನ್ನು ತಿರುಗಿಸಿ ಬಂದ ದಾರಿಯಲ್ಲೇ ಹಿಂದಕ್ಕೆ ಬರಬೇಕು. ಹೋಗುವಾಗ ಮೇಲೆ ಹಾದ ಕಡೆ ಈಗ ಕೆಳಗೆ, ಕೆಳಗೆ ಹಾದ ಕಡೆ ಈಗ ಮೇಲೆ. ಸೂಜಿ ಹೊಸ ರಂಧ್ರ ಮಾಡದೆ ಹಳೆಯ ರಂಧ್ರಗಳಲ್ಲೇ ಏರಿ ಇಳಿಯಬೇಕು. ಹೊರಟ ಜಾಗಕ್ಕೆ ಬಂದು ಮುಟ್ಟುವ ಹೊತ್ತಿಗೆ ಸಂದುಗಳೆಲ್ಲ ತುಂಬಿ, ಎರಡು ಮೈಯಲ್ಲಿಯೂ ಒಂದೇ ಅಖಂಡ ಗೆರೆ ನಿಂತಿರುತ್ತದೆ. ಗೆರೆಯಿಂದ ಕವಲು ಒಡೆಯುವುದಾದರೆ ಅದಕ್ಕೂ ಇದೇ ನಿಯಮ: ಕವಲಿನ ತುದಿಯವರೆಗೆ ಹೋಗಿ, ಅಲ್ಲಿಂದ ಹಿಂತಿರುಗಿ, ಆಮೇಲೆಯೇ ಮುಂದಿನ ಪಯಣ. ಕವಲಿಗೆ ಹೋಗಿ ಬಂದ ಹೆಜ್ಜೆಗಳ ಮೊತ್ತ ಯಾವಾಗಲೂ ಸಮಸಂಖ್ಯೆಯೇ ಆಗುವುದರಿಂದ ಮುಖ್ಯ ಗೆರೆಯ ಮೇಲು ಕೆಳಗಿನ ಲಯ ಎಂದಿಗೂ ಕೆಡುವುದಿಲ್ಲ. ಶಾಲೆಯ ಮೆಟ್ಟಿಲು ಹತ್ತದ ಅಜ್ಜಿಯಂದಿರು ಈ ಗಣಿತವನ್ನು ಬೆರಳ ತುದಿಯಲ್ಲಿ ಇಟ್ಟುಕೊಂಡಿದ್ದರು.

ಕೇಳಲು ಎಷ್ಟು ಸುಲಭ! ಹುಣಸೂರಿನ ಗೃಹಿಣಿ ಒಂದು ವಾರದಲ್ಲಿ ಪುಟ್ಟದೊಂದು ಗೋಪುರವನ್ನು ಹೊಲಿದು, ಎದುರು ಮನೆಗೆ ಹೆಮ್ಮೆಯಿಂದ ಕೊಂಡೊಯ್ದಳು. ಕೆಂಪು ದಾರದ ಗೋಪುರ, ಕಳಶ ಸಹಿತ.

"ಮುಂದ ಛಲೋ ಆಗೇದ. ಹಿಂದ ತೋರಸು" ಎಂದರು ಗುರುಗಳು.

ತಿರುಗಿಸಿದರೆ ಗೋಪುರದ ಹಿಂದೆ ಬೇರೊಂದು ಪ್ರಪಂಚ! ಒಂದು ಕವಲಿನಿಂದ ಇನ್ನೊಂದು ಕವಲಿಗೆ ಓರೆಯಾಗಿ ಹಾರಿದ ದಾರಗಳು, ನಾಲ್ಕಾರು ಗಂಟುಗಳು, ಕತ್ತರಿಸದ ಬಾಲಗಳು. ಕವಲಿಗೆ ಹೋದ ಸೂಜಿ ಹಿಂತಿರುಗುವ ಬೇಸರದಿಂದ ಅಡ್ಡದಾರಿ ಹಿಡಿದಿತ್ತು. ಹಿರಿಯರು ಬೈಯಲಿಲ್ಲ. "ಬಿಚ್ಚಿಬಿಡವಾ, ಏನೂ ಅವಸರಿಲ್ಲ" ಎಂದು ಬಟ್ಟೆಯನ್ನು ಮಡಿಸಿ ಕೈಗಿತ್ತರು, ಅಷ್ಟೇ.

ಮನೆಗೆ ಬಂದು ಬಿಚ್ಚುತ್ತ ಕುಳಿತಾಗ ಅತ್ತೆ ಏನೆಂದು ಕೇಳಿದರು. ಸೊಸೆ ಬಟ್ಟೆಯನ್ನು ಅವರ ಕೈಗೆ ಕೊಟ್ಟಳು. ಅತ್ತೆ ಹೆಬ್ಬೆರಳು ತೋರುಬೆರಳುಗಳ ನಡುವೆ ಅದನ್ನು ಸವರಿ, "ಇಲ್ಲೊಂದು ಗಂಟು, ಇಲ್ಲೊಂದು ಗಂಟು" ಎಂದು ಒಂದೊಂದಾಗಿ ಹೇಳಿದರು. ಕಣ್ಣಿದ್ದವರು ಮುಂಬದಿಯನ್ನು ಹೊಗಳಿದ್ದರು. ಕಣ್ಣಿಲ್ಲದ ಬೆರಳಿಗೆ ಮೊದಲು ಸಿಕ್ಕಿದುದು ಹಿಂಬದಿ.

ಅಂದಿನಿಂದ ಲೆಕ್ಕ ಹಿಡಿಯಲು ಆಕೆಗೆ ನೆರವಾದುದು ರಂಗೋಲಿ. ಚುಕ್ಕಿಯಿಟ್ಟು, ಚುಕ್ಕಿಗಳ ಸುತ್ತ ಎಳೆ ಸುತ್ತಿಸಿ, ಎಳೆಯ ತುದಿಯನ್ನು ಹೊರಟ ಜಾಗಕ್ಕೇ ಕೂಡಿಸುವುದನ್ನು ಹಳೆಯ ಮೈಸೂರಿನ ಹೆಣ್ಣುಮಗಳಿಗೆ ಯಾರೂ ಕಲಿಸಬೇಕಾಗಿಲ್ಲ. ಚುಕ್ಕಿಯ ಸ್ಥಾನದಲ್ಲಿ ಬಟ್ಟೆಯ ರಂಧ್ರ, ಪುಡಿಯ ಎಳೆಯ ಸ್ಥಾನದಲ್ಲಿ ನೂಲಿನ ಎಳೆ. ಆಕೆ ಬೆಳಿಗ್ಗೆ ಬಾಗಿಲ ಮುಂದೆ ಗೋಪುರವನ್ನು ಚುಕ್ಕಿಗಳಲ್ಲಿ ಬಿಡಿಸಿ, ಯಾವ ಕವಲಿಗೆ ಮೊದಲು ಹೋಗಬೇಕು, ಎಲ್ಲಿ ಹಿಂತಿರುಗಬೇಕು ಎಂದು ಬೆರಳಿನಿಂದ ತೀಡಿ ನೋಡುತ್ತಿದ್ದಳು. ಮಧ್ಯಾಹ್ನ ಅದೇ ದಾರಿ ಬಟ್ಟೆಯ ಮೇಲೆ ಬರುತ್ತಿತ್ತು. ಗಂಟಿನ ಬದಲು ದಾರದ ಬಾಲವನ್ನು ಬಿಟ್ಟುಕೊಂಡು, ಅದನ್ನು ಹೊಲಿಗೆಯ ಅಡಿಯಲ್ಲೇ ನುಸುಳಿಸಿ ಮುಚ್ಚುವುದು ಮೂರನೆಯ ಸಲಕ್ಕೆ ಕೈಗೆ ಬಂತು.

ಈ ಜಾಣತನ ನಮ್ಮ ನಾಡಿಗಷ್ಟೇ ಮೀಸಲಲ್ಲ. ಇಂಗ್ಲೆಂಡಿನ ಅರಸು ಎಂಟನೆಯ ಹೆನ್ರಿಯ ಆಸ್ಥಾನ ಚಿತ್ರಕಾರನಾಗಿದ್ದು 1543ರಲ್ಲಿ ತೀರಿಕೊಂಡ ಹಾನ್ಸ್ ಹೋಲ್ಬೈನ್ ಎಂಬುವನು, ರಾಣಿ ಜೇನ್ ಸೀಮೋರಳ ಚಿತ್ರವನ್ನು ಬರೆದಾಗ ಅವಳ ಮುಂಗೈಯ ಅಂಚಿನ ಕಪ್ಪು ದಾರದ ಹೊಲಿಗೆಯನ್ನೂ ಎಳೆಯೆಳೆಯಾಗಿ ತೋರಿಸಿದನು. ಮುಂಗೈಯ ಅಂಚು ಮಡಿಚಿದಾಗ ಒಳಮೈಯೂ ಹೊರಗೆ ಕಾಣುವುದಷ್ಟೇ. ಅಲ್ಲಿ ಎರಡು ಬದಿಯೂ ಒಂದೇ ಆಗಿರುವ ಹೊಲಿಗೆಯೇ ಬೇಕು. ಯೂರೋಪಿನಲ್ಲಿ ಈ ಹೊಲಿಗೆಗೆ ಇಂದಿಗೂ ಆ ಚಿತ್ರಕಾರನ ಹೆಸರೇ. ಹೊಲಿದವಳ ಹೆಸರಲ್ಲ, ನೋಡಿ ಬರೆದವನ ಹೆಸರು! ನಮ್ಮ ಗವಂತಿಯಾದರೋ ಯಾರ ಹೆಸರನ್ನೂ ಹೊತ್ತಿಲ್ಲ.

ಹುಣಸೂರಿಗೆ ಸಮೀಪದಲ್ಲೇ, ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯಲ್ಲಿ, ಇದಕ್ಕೆ ತೀರ ವಿರುದ್ಧವಾದ ಕೈಕೆಲಸವೊಂದುಂಟು. 1960ರಲ್ಲಿ ಅಲ್ಲಿ ನೆಲೆ ಕಂಡ ಟಿಬೆಟಿನ ನಿರಾಶ್ರಿತರು ಗಾಲೀಚೆ ನೇಯುವ ವಿದ್ಯೆಯನ್ನು ತಮ್ಮೊಡನೆ ತಂದರು. ಟಿಬೆಟಿನ ಗಾಲೀಚೆಯೆಂದರೆ ಸಾಲು ಸಾಲು ಉಣ್ಣೆಯ ಗಂಟು. ಗಂಟುಗಳೇ ಅದರ ಜೀವ. ಅದು ನೆಲದ ಮೇಲೆ ಹಾಸುವ ವಸ್ತು, ಅದಕ್ಕೆ ಒಂದೇ ಮುಖ ಸಾಕು. ಸೀರೆಯ ಸೆರಗಿನ ಬಾಳು ಹಾಗಲ್ಲ. ಅದು ಗಾಳಿಗೆ ಹಾರುತ್ತದೆ, ಹೆಗಲ ಮೇಲಿಂದ ಮುಂದಕ್ಕೆ ಬರುತ್ತದೆ, ಸೊಂಟಕ್ಕೆ ಸಿಕ್ಕುತ್ತದೆ. ಸೆರಗಿನ ಹಿಂಬದಿಯನ್ನು ಲೋಕದಿಂದ ಮುಚ್ಚಿಡುವುದು ಸಾಧ್ಯವೇ ಇಲ್ಲ. ಗವಂತಿಯ ಕಟ್ಟುನಿಟ್ಟು ಹುಟ್ಟಿದುದು ವೈರಾಗ್ಯದಿಂದಲ್ಲ, ಉಡುವವರ ಅಗತ್ಯದಿಂದ.

ಮೂರು ತಿಂಗಳು ಕಳೆಯುವಷ್ಟರಲ್ಲಿ ಗೃಹಿಣಿ ಒಂದು ಮೇಜುಬಟ್ಟೆಯನ್ನು ಮುಗಿಸಿದಳು. ಉಪಾಧ್ಯಾಯರು ಮೆಚ್ಚಿ, ಅದಕ್ಕೆ ಗಾಜಿನ ಚೌಕಟ್ಟು ಹಾಕಿಸಿ ನಡುಮನೆಯ ಗೋಡೆಗೆ ತೂಗುಹಾಕೋಣವೆಂದರು. ಪಾಪ, ಅವರ ಮಟ್ಟಿಗೆ ಅದು ದೊಡ್ಡ ಗೌರವ. "ಚೌಕಟ್ಟು ಹಾಕಿದರೆ ಅರ್ಧ ಕೆಲಸ ಗೋಡೆಯ ಪಾಲಾಗುತ್ತದೆಯಲ್ಲ, ಅಂದ್ರೆ!" ಎಂದು ಆಕೆ ನಕ್ಕು ಅದನ್ನು ಮೇಜಿನ ಮೇಲೆಯೇ ಹಾಸಿದಳು.

ಅತ್ತೆ ಅದರ ಅಂಚನ್ನು ಕೈಗೆತ್ತಿಕೊಂಡು ಎರಡು ಬೆರಳುಗಳ ನಡುವೆ ಬಹಳ ಹೊತ್ತು ಸವರಿದರು. ಆಮೇಲೆ, "ಇದರ ಮುಂಬದಿ ಯಾವುದಮ್ಮ?" ಎಂದು ಕೇಳಿದರು. ಸೊಸೆಗೆ ಒಮ್ಮೆಲೇ ಮಾತು ಹೊರಡಲಿಲ್ಲ. ಇಪ್ಪತ್ತೆರಡು ವರ್ಷಗಳ ಸಂಸಾರದಲ್ಲಿ ಅತ್ತೆಯ ಬಾಯಿಂದ ಬಂದ ದೊಡ್ಡ ಮೆಚ್ಚುಗೆ ಅದೇ ಆಗಿತ್ತು; ಹೊಗಳಿಕೆಯೆಂದು ಆಡಿದ ಮಾತೂ ಅದಾಗಿರಲಿಲ್ಲ.

ಇಲ್ಲಿಗೆ ಕತೆ ಮುಗಿದಿದ್ದರೆ ಚೆನ್ನಾಗಿತ್ತು. ಆದರೆ ಆಕೆ ಸೂಜಿ ಹಿಡಿದುದು ಮಗಳ ಖರ್ಚಿಗೆ ನೆರವಾಗಲೆಂದು. ಊರಿನ ಒಂದು ಮದುವೆಯ ಮನೆಯವರು ರವಿಕೆಯ ಎರಡು ತೋಳುಗಳಿಗೆ ಗೋಪುರದ ಸಾಲು ಬೇಕೆಂದು ಬಂದರು. ಆಕೆ ದಿನಗಳನ್ನು ಲೆಕ್ಕ ಹಾಕಿ ಬೆಲೆ ಹೇಳಿದಳು. ಬಂದವರು ಹುಬ್ಬೇರಿಸಿದರು. ಮೈಸೂರಿನಲ್ಲಿ ಮೆಷಿನ್ನಿನಲ್ಲಿ ಇದೇ ಗೋಪುರವನ್ನು ಅರ್ಧ ಬೆಲೆಗೆ, ಒಂದೇ ದಿನದಲ್ಲಿ ಹಾಕಿಕೊಡುವರಂತೆ. ಆಕೆ ಮಾದರಿಯ ಬಟ್ಟೆಯನ್ನು ತಿರುಗಿಸಿ ಹಿಂಬದಿ ತೋರಿಸಿದಳು. ಅವರು ನೋಡಿದರು, ಬೆರಗಾದರು, ನಿಜವಾಗಿಯೂ ಮೆಚ್ಚಿದರು. ಆಮೇಲೆ, "ಆದರೂ ರವಿಕೆಯ ಒಳಗಿನದನ್ನು ಯಾರು ನೋಡುತ್ತಾರೆ, ಹೇಳಿ?" ಎಂದರು.

ಇದು ದುಷ್ಟರ ಮಾತಲ್ಲ. ಮದುವೆಯ ಖರ್ಚಿನಲ್ಲಿ ನೊಂದವರ ಮಾತು. ಅದಕ್ಕೆ ಉತ್ತರ ಹೇಳಬೇಕಾದರೆ ಲೆಕ್ಕವನ್ನೇ ಮುಂದಿಡಬೇಕು. ಇಂಚಿಗೆ ನಲವತ್ತು ಎಳೆಯಿರುವ ಬಟ್ಟೆಯಲ್ಲಿ ನಾಲ್ಕೆಳೆಗೊಂದು ಹೊಲಿಗೆಯೆಂದರೆ ಇಂಚಿಗೆ 10 ಹೊಲಿಗೆ, ಅಡಿಗೆ 120. ಹಿಂಬದಿಯಲ್ಲೂ ಅಷ್ಟೇ, ಒಟ್ಟು 240. ಹದಿನೆಂಟು ಅಡಿಯ ಸೀರೆಯ ಅಂಚಿನುದ್ದಕ್ಕೂ ಒಂದೇ ಒಂದು ಬರಿಯ ಗೆರೆ ಎಳೆಯಬೇಕಾದರೂ 4,320 ಹೊಲಿಗೆ. ಅದರಲ್ಲಿ ಸರಿಯಾಗಿ ಅರ್ಧ, 2,160, ಕಣ್ಣಿಗೆ ಕಾಣದ ಬದಿಯಲ್ಲಿ. ಬೆಲೆಯನ್ನು ಅರ್ಧ ಮಾಡಿರೆನ್ನುವವರು ತಮಗರಿವಿಲ್ಲದೆಯೇ ಆ 2,160 ಹೊಲಿಗೆಗಳನ್ನು ಲೆಕ್ಕದಿಂದ ಹೊಡೆದುಹಾಕುತ್ತಾರೆ. ಆದರೆ ಹಿಂಬದಿಯ ಹೊಲಿಗೆಯನ್ನು ಬಿಟ್ಟು ಮುಂಬದಿಯನ್ನು ಮಾತ್ರ ಹೊಲಿದುಕೊಡಲು ಗವಂತಿಯಲ್ಲಿ ಬರುವುದಿಲ್ಲ. ಮನೆವಾರ್ತೆಯ ಕೆಲಸವೂ ಬಹುಶಃ ಇಂಥದೇ.

ಗೃಹಿಣಿ ಆ ಕೆಲಸವನ್ನು ಒಪ್ಪಿಕೊಳ್ಳಲಿಲ್ಲ. ಬಂದಷ್ಟು ಬರಲಿ, ಮಾಡಿಕೊಡಬಹುದಾಗಿತ್ತು ಎಂದರು ಉಪಾಧ್ಯಾಯರು. ಆಕೆ ವಾದಿಸಲಿಲ್ಲ. ಆಮೇಲೆ ಹಲವು ತಿಂಗಳು ಯಾರೂ ಬರಲಿಲ್ಲ. ಆಗ ಆಕೆಗೆ ತನ್ನ ನಿರ್ಧಾರದ ಬಗ್ಗೆ ಸಂದೇಹವೂ ಬಂತು. ಅಷ್ಟರಲ್ಲಿ ಎದುರು ಮನೆಯವರಿಗೆ ಮತ್ತೆ ವರ್ಗವಾಯಿತು. ಹೊರಡುವ ದಿನ ಧಾರವಾಡದ ತಾಯಿ ತಮ್ಮ ಸೂಜಿಗಳ ಪುಟ್ಟ ಡಬ್ಬಿಯನ್ನು ಆಕೆಯ ಕೈಯಲ್ಲಿಟ್ಟು, "ಎಣಸೂದು ಬಿಡಬ್ಯಾಡವಾ" ಎಂದರು. ಈಗ ವರ್ಷಕ್ಕೆ ಮೂರೋ ನಾಲ್ಕೋ ಕೆಲಸ ಅರಸಿಕೊಂಡು ಬರುತ್ತವೆ. ಪೂರ್ತಿ ಬೆಲೆ ಕೊಡುವವರದು ಮಾತ್ರ. ಅದರಿಂದ ಮಗಳ ವಿದ್ಯಾರ್ಥಿನಿಲಯದ ಖರ್ಚು ನೀಗಲಿಲ್ಲ. ಪುಸ್ತಕಗಳ ಖರ್ಚು ನೀಗಿತು.

ಕಸೂತಿಗೆ ಈ ಶತಮಾನದ ಮೊದಲ ದಶಕದಲ್ಲಿಯೇ ಭೌಗೋಳಿಕ ಗುರುತಿನ ರಕ್ಷಣೆ ದೊರೆತಿದೆ. ಅದು ಒಳ್ಳೆಯದೇ. ಆದರೆ ಕಾನೂನು ಹೆಸರನ್ನು ಕಾಯಬಲ್ಲುದು. ಕೈಯನ್ನು ಕಾಯಬೇಕಾದವರು ಕೊಳ್ಳುವವರು. ಅದಕ್ಕೆ ದೊಡ್ಡ ಪಾಂಡಿತ್ಯವೇನೂ ಬೇಕಾಗಿಲ್ಲ. ಮೈಸೂರಿನ ದಸರಾ ವಸ್ತುಪ್ರದರ್ಶನದಲ್ಲೋ ಪೇಟೆಯ ಅಂಗಡಿಯಲ್ಲೋ ಕಸೂತಿಯೆಂದು ಯಾರಾದರೂ ಸೀರೆಯನ್ನು ಬಿಡಿಸಿ ಹಾಸಿದರೆ, ಅದರ ಮೂಲೆಯನ್ನು ಎತ್ತಿ ಒಳಮೈ ನೋಡಬೇಕು. ಬಣ್ಣದ ಅಚ್ಚಾದರೆ ಹಿಂದೆ ಚಿತ್ರ ಮಸುಕಾಗಿರುತ್ತದೆ ಅಥವಾ ಇರುವುದೇ ಇಲ್ಲ. ಯಂತ್ರದ ಹೊಲಿಗೆಯಾದರೆ ಅಡಿಯಲ್ಲಿ ಬಾಬಿನ್ನಿನ ದಾರ ಬೇರೆಯಾಗಿ ಕಾಣುತ್ತದೆ. ಕೆಲವೊಮ್ಮೆ ಕಾಗದದಂಥ ಅಸ್ತರೂ ಅಂಟಿಕೊಂಡಿರುತ್ತದೆ. ಹಿಂದೆಯೂ ಅದೇ ಬಣ್ಣದ ಅದೇ ಗೋಪುರ ಗಂಟಿಲ್ಲದೆ ನಿಂತಿದ್ದರೆ, ಒಬ್ಬಾಕೆ ಆ ದಾರಿಯಲ್ಲಿ ಹೋಗಿ ಹಿಂತಿರುಗಿ ಬಂದಿದ್ದಾಳೆಂದೇ ಅರ್ಥ. ಬೆಲೆಯನ್ನು ಆಮೇಲೆ ಕೇಳಬಹುದು.